ವಿಶ್ರಾಂತಿ ಯಾವಾಗ? — ‘ದುಡಿಮೆ ಮತ್ತು ವೇತನ’ ಕುರಿತ ಒಂದು ಅಭ್ಯಾಸ ಪಾಠ

ಒಂಬತ್ತನೆಯ ತರಗತಿಗೆ ‘ದುಡಿಮೆ ಮತ್ತು ವೇತನ’ ಪಾಠಕ್ಕೆ ನಾನು ಆರಿಸಿಕೊಂಡ ಉದಾಹರಣೆ ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಾರ್ತಿ ಡಯಾನಾ ಟೌರಾಸಿ. ಪೀಠಿಕೆಯಾಗಿ ಕಪ್ಪುಹಲಗೆಯ ಮೇಲೆ ಹನ್ನೆರಡು ತಿಂಗಳುಗಳನ್ನು ಬರೆದೆ. ಅಮೆರಿಕದ ಮಹಿಳಾ ವೃತ್ತಿಪರ ಲೀಗ್ ಡಬ್ಲ್ಯುಎನ್‌ಬಿಎ ನಡೆಯುವುದು ಬೇಸಿಗೆಯಲ್ಲಿ; ರಷ್ಯಾದ ಲೀಗ್ ಚಳಿಗಾಲದಲ್ಲಿ. ಎರಡನ್ನೂ ಬಣ್ಣದ ಸೀಮೆಸುಣ್ಣದಿಂದ ತುಂಬಿದೊಡನೆ, “ಮಿಸ್, ಅವರಿಗೆ ರಜೆ ಯಾವಾಗ?” ಎಂದು ಒಬ್ಬ ಹುಡುಗಿ ಕೇಳಿದಳು. ಪಾಠಯೋಜನೆಯಲ್ಲಿ ಅದು ನನ್ನ ಪ್ರಶ್ನೆಯಾಗಿತ್ತು. ಅವಳಿಂದ ಬಂದದ್ದೇ ಮೇಲು.

ಟೌರಾಸಿ ಫೀನಿಕ್ಸ್ ಮರ್ಕ್ಯುರಿ ತಂಡದವರಾಗಿದ್ದರು. ಆಗ ಆ ಲೀಗಿನ ಗರಿಷ್ಠ ಸಂಬಳ ವರ್ಷಕ್ಕೆ ಸುಮಾರು 1,07,000 ಡಾಲರ್. ರಷ್ಯಾದ ಯೆಕಟೆರಿನ್‌ಬರ್ಗ್ ಕ್ಲಬ್ ಕೊಡುತ್ತಿದ್ದದ್ದು, ವರದಿಗಳ ಪ್ರಕಾರ, ಸುಮಾರು 15 ಲಕ್ಷ. ಮಕ್ಕಳು ಭಾಗಿಸಿ ‘ಹದಿನಾಲ್ಕು ಪಟ್ಟು’ ಎಂದರು. 2015ರಲ್ಲಿ ಅದೇ ಕ್ಲಬ್ ಹಣ ಕೊಟ್ಟು, ಅಮೆರಿಕದಲ್ಲಿ ಆಡದೆ ದಣಿವಾರಿಸಿಕೊಳ್ಳಿ ಎಂದಿತು, ಅವರು ಒಪ್ಪಿದರು. ತವರಿನ ಲೀಗ್ ಬಿಟ್ಟದ್ದು ಸರಿಯೇ? ತರಗತಿ ಎರಡು ಬಣವಾಯಿತು. ನಾನು ತೀರ್ಪು ಕೊಡಲಿಲ್ಲ, ಕೊಡಬಾರದು ಕೂಡ.

ಅದೇ ಕ್ಲಬ್ಬಿಗೆ ಆಡುತ್ತಿದ್ದ ಬ್ರಿಟ್ನಿ ಗ್ರೈನರ್ ಅವರನ್ನು 2022ರ ಫೆಬ್ರವರಿಯಲ್ಲಿ ಮಾಸ್ಕೋ ಬಳಿಯ ವಿಮಾನ ನಿಲ್ದಾಣದಲ್ಲಿ ಗಾಂಜಾ ಎಣ್ಣೆಯ ಕಾರಣಕ್ಕೆ ಬಂಧಿಸಿದರು. ಡಿಸೆಂಬರಿನಲ್ಲಿ ಕೈದಿಗಳ ವಿನಿಮಯದಲ್ಲಿ ಬಿಡುಗಡೆಯಾಯಿತು. “ಅಷ್ಟು ದೂರ ಯಾಕೆ ಹೋಗಬೇಕಿತ್ತು?” ಎಂದವನಿಗೆ ಹಲಗೆಯ ಮೇಲಿನ ಎರಡು ಅಂಕಿಗಳನ್ನು ತೋರಿಸಿದೆ, ಅಷ್ಟೇ.

ಮೌಲ್ಯಮಾಪನಕ್ಕೆ ಒಂದೇ ಪ್ರಶ್ನೆ: 2020ರ ಒಪ್ಪಂದದಲ್ಲಿ ಡಬ್ಲ್ಯುಎನ್‌ಬಿಎಯ ಗರಿಷ್ಠ ಮೂಲ ಸಂಬಳ 2,15,000 ಡಾಲರಿಗೆ ಏರಿತು. ನೀವು ಆಟಗಾರ್ತಿಯಾಗಿದ್ದರೆ ಚಳಿಗಾಲದಲ್ಲಿ ಎಲ್ಲಿರುತ್ತಿದ್ದಿರಿ? ಕಾರಣ ಕೊಡಿ.