ಅಕ್ಷರವು ಎಲ್ಲರದು

ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜಸತ್ಯಾಗ್ರಹಕ್ಕಾಗಿ ನೆರೆದಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಹಲವರು ಪ್ರಾಣತೆತ್ತರು. ಈ ಘಟನೆಯೊಡನೆ, ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಜನಿಸಿದ ವಿಶ್ವೇಶ್ವರಯ್ಯನವರ ಬಾಳು, ಚಿಂತಾಮಣಿ ತಾಲ್ಲೂಕಿನ ಕೈವಾರದ ಪರಿಚಯ, ಶಿಡ್ಲಘಟ್ಟದ ರೇಷ್ಮೆಯ ವಿವರ ಇವೆಲ್ಲವನ್ನೂ ಒಳಗೊಂಡ ಒಂದು ಇ-ಪುಸ್ತಕವು ಸಿದ್ಧವಾಯಿತೆಂದು ಭಾವಿಸಿರಿ. ಅದೇ ಜಿಲ್ಲೆಯ ಅಂಧ ಬಾಲಕಿಯೊಬ್ಬಳು ತನ್ನ ನಾಡಿನ ಈ ಕಥೆಯನ್ನು ಓದಬಲ್ಲಳೇ?

ಫ್ರಾನ್ಸಿನ ಲೂಯಿ ಬ್ರೈಲ್ 1824ರಲ್ಲಿ, ತನ್ನ ಹದಿನೈದನೆಯ ವಯಸ್ಸಿನಲ್ಲಿ, ಆರು ಚುಕ್ಕೆಗಳ ಲಿಪಿಯನ್ನು ರೂಪಿಸಿ ಅಂಧರ ಬೆರಳಿಗೆ ಓದುವ ಶಕ್ತಿಯನ್ನು ಕೊಟ್ಟನು. ಆದರೆ ಬ್ರೈಲ್ ಗ್ರಂಥಗಳು ಗಾತ್ರದಲ್ಲಿ ದೊಡ್ಡವು, ಸಂಖ್ಯೆಯಲ್ಲಿ ಕಡಮೆ. ಇಂದು ಗಣಕಯಂತ್ರದ ತೆರೆಯ ಮೇಲಿನ ಬರಹವನ್ನು ಧ್ವನಿಯಾಗಿ ಮಾರ್ಪಡಿಸುವ ತಂತ್ರಾಂಶಗಳಿವೆ. ಅವು ಕನ್ನಡವನ್ನೂ ಓದುತ್ತವೆ.

ಆದರೆ ಇದಕ್ಕೊಂದು ನಿಯಮವುಂಟು. ಪುಟಗಳ ಛಾಯಾಚಿತ್ರವನ್ನಷ್ಟೇ ತೆಗೆದು ಜೋಡಿಸಿದರೆ, ಕಣ್ಣಿಗೆ ಅಕ್ಷರ ಕಂಡರೂ ಯಂತ್ರಕ್ಕೆ ಅದು ಬರಿಯ ಚಿತ್ರ. ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚಾದ ಕನ್ನಡವು ಅರ್ಥವಿಲ್ಲದ ಸದ್ದಾಗಿ ಕೇಳಿಸುತ್ತದೆ. ಪ್ರತಿಯೊಂದು ಅಕ್ಷರಕ್ಕೂ ನಿಶ್ಚಿತ ಸಂಕೇತವನ್ನು ಕೊಡುವ ಯೂನಿಕೋಡ್ ಕ್ರಮದಲ್ಲಿ ಬರೆದಾಗ ಈ ತೊಡಕು ನೀಗುತ್ತದೆ. ಅಧ್ಯಾಯಗಳ ಶೀರ್ಷಿಕೆಗಳನ್ನು ಶೀರ್ಷಿಕೆಗಳೆಂದೇ ಗುರುತಿಸಿದರೆ ಓದುಗನು ಬೇಕಾದ ಭಾಗಕ್ಕೆ ನೇರವಾಗಿ ಹೋಗಬಲ್ಲನು. ಚಿತ್ರಕ್ಕೆ ವಿವರಣೆಯೂ ಬೇಕು. 'ಚಿತ್ರ 4' ಎಂದರೆ ಏನೂ ತಿಳಿಯದು. 'ಶಿಡ್ಲಘಟ್ಟದ ಮಾರುಕಟ್ಟೆ: ರಾಶಿ ಹಾಕಿದ ಹಳದಿ ಗೂಡುಗಳು, ಒಂದು ಹಿಡಿಯನ್ನು ಎತ್ತಿ ಪರೀಕ್ಷಿಸುತ್ತಿರುವ ವ್ಯಾಪಾರಿ' ಎಂದರೆ ಚಿತ್ರವು ಮನಸ್ಸಿನಲ್ಲಿ ಮೂಡುತ್ತದೆ. ಇಂತಹ ಪುಸ್ತಕವು ಅಂಧರಿಗೆ ಮಾತ್ರವಲ್ಲ, ಅಕ್ಷರವನ್ನು ಹಿಗ್ಗಿಸಿ ಓದಬೇಕಾದ ಮಂದದೃಷ್ಟಿಯವರಿಗೂ, ಪುಟ ತಿರುವಲು ಕೈಯಲ್ಲಿ ಬಲವಿಲ್ಲದವರಿಗೂ ನೆರವಾಗುತ್ತದೆ.

ಭಾರತವು 2012ರಲ್ಲಿ ಕೃತಿಸ್ವಾಮ್ಯ ಕಾಯಿದೆಗೆ ತಿದ್ದುಪಡಿ ತಂದು, ಅಂಗವಿಕಲರಿಗಾಗಿ ಇಂತಹ ಪ್ರತಿಗಳನ್ನು ಸಿದ್ಧಪಡಿಸಲು ಅವಕಾಶವಿತ್ತಿತು. ಇದೇ ಉದ್ದೇಶದ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲ ರಾಷ್ಟ್ರಗಳಿಗಿಂತ ಮೊದಲು ಸ್ಥಿರೀಕರಿಸಿದುದೂ ಭಾರತವೇ. 2016ರಲ್ಲಿ 'ಸುಗಮ್ಯ ಪುಸ್ತಕಾಲಯ'ವೆಂಬ ಅಂತರಜಾಲ ಗ್ರಂಥಾಲಯವು ಆರಂಭವಾಯಿತು.

ಕಾನೂನು ಬಾಗಿಲನ್ನು ತೆರೆಯಬಲ್ಲುದು. ಪುಸ್ತಕವನ್ನು ಸರಿಯಾಗಿ ರಚಿಸಬೇಕಾದವರು ಮನುಷ್ಯರೇ. ಕಟ್ಟಡ ಕಟ್ಟುವಾಗಲೇ ಇಳಿಜಾರು ದಾರಿಯನ್ನು ನಿರ್ಮಿಸುವುದು ಸುಲಭ. ಕಟ್ಟಿದ ಮೇಲೆ ಒಡೆದು ಮಾಡುವುದು ಕಷ್ಟ. ಪುಸ್ತಕದ ಮಾತೂ ಹಾಗೆಯೇ. ಅದು ಅಂಗವಿಕಲರಿಗೆ ತೋರುವ ದಯೆಯಲ್ಲ, ಅವರಿಗೆ ಸಲ್ಲಬೇಕಾದ ಹಕ್ಕು. ವಿದುರಾಶ್ವತ್ಥದ ಕಥೆಯನ್ನು ಆ ಬಾಲಕಿಯು ಮತ್ತೊಬ್ಬರ ಬಿಡುವಿಗಾಗಿ ಕಾಯದೆ, ತನ್ನ ಸಹಪಾಠಿಗಳೊಡನೆ ಅದೇ ದಿನ ತಾನೇ ಓದುವಂತಾದಾಗ ಮಾತ್ರ ಆ ಪುಸ್ತಕವು ಪೂರ್ಣವಾದಂತೆ.