ಆ ಕುರ್ಚಿಯಲ್ಲಿ ನೀನೇ ಕೂರು

ಅಪ್ಪಿ,

ನಿನ್ನ ಮೆಸೇಜು ಬಂತು. ಹೆಂಡತಿಯ ಟಿಸಿ (ಬಿಳಿ ರಕ್ತಕಣದ ಲೆಕ್ಕ) ಇಷ್ಟು, ಪ್ಲೇಟ್‌ಲೆಟ್ ಇಷ್ಟು, ಆ್ಯಂಟಿಬಯಾಟಿಕ್ ಶುರುವಾಗಿದೆ ಎಂದು ಒಂದೇ ಸಾಲು. ಅದೂ ಮನೆಯವರೆಲ್ಲ ಇರುವ ಗುಂಪಿಗೆ. ಕೆಳಗೆ ನನಗೆ ಮಾತ್ರ ಎಂದು ಇನ್ನೊಂದು ಪ್ರಶ್ನೆ: ಅತ್ತೆಯನ್ನು ಯಲ್ಲಾಪುರದಿಂದ ಕರೆಸಿ ರಾತ್ರಿ ಅವಳ ಹತ್ತಿರ ಇರಲು ಹೇಳಲೋ, ಇಲ್ಲಾ ನಾನೇ ರಜೆ ಹಾಕಲೋ? ಓದಿ ಮೊದಲು ಎದೆ ಧಸಕ್ಕೆಂದಿತು. ಸ್ವಲ್ಪ ಹೊತ್ತಿಗೆ ಸಿಟ್ಟೂ ಬಂತು. ಫೋನಿನಲ್ಲಿ ಹೇಳಿದರೆ ನೀನು ಹ್ಞೂಂ ಹ್ಞೂಂ ಎನ್ನುತ್ತ ಲ್ಯಾಪ್‌ಟಾಪ್ ಒತ್ತುತ್ತಿರುತ್ತೀಯೆ. ಅದಕ್ಕೇ ಬರೆಯುತ್ತಿದ್ದೇನೆ. ಇದರ ಫೋಟೋ ನಿನಗೆ ವಾಟ್ಸ್‌ಆ್ಯಪಿನಲ್ಲಿ, ಒಂದು ಪ್ರತಿ ಪತ್ರಿಕೆಗೆ. ನಿನ್ನ ಹಾಗೆ ಆಸ್ಪತ್ರೆಯ ಕಾರಿಡಾರಿನಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತ ಹುಡುಗರು ಇನ್ನೂ ಬೇಕಾದಷ್ಟು ಇದ್ದಾರೆ.

ಒಳ್ಳೆಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಬಯ್ಯುವ ಭರದಲ್ಲಿ ಮರೆತುಹೋದೀತು. ನಡುರಾತ್ರಿ ಜ್ವರ ನೋಡಿದವನು ಬೆಳಗಾಗಲಿ ಎಂದು ಕಾಯಲಿಲ್ಲ, ಪ್ಯಾರಾಸಿಟಮಾಲ್ ನುಂಗಿಸಿ ಮಲಗಿಸಲಿಲ್ಲ, ಸೀದಾ ಎಮರ್ಜೆನ್ಸಿಗೆ ಕರೆದುಕೊಂಡು ಹೋದೆ. ಶಾಭಾಸ್. ಕೀಮೋ ಆಗಿ ಏಳರಿಂದ ಹದಿನಾಲ್ಕು ದಿನದ ನಡುವೆ ಬಿಳಿ ರಕ್ತಕಣ ಪಾತಾಳಕ್ಕಿಳಿಯುತ್ತದೆ. ಸೋಂಕಿನ ಮೇಲೆ ಬೀಳುವ ನ್ಯೂಟ್ರೋಫಿಲ್ಲುಗಳು ಮೈಕ್ರೋಲೀಟರಿಗೆ 500ಕ್ಕಿಂತ ಕಡಿಮೆಯಾದಾಗ ಕೀವು, ಕಫ ಯಾವ ಗುರುತೂ ಕಾಣದೆ ಹೋಗಬಹುದು. ಕೀವಾಗುವುದಕ್ಕೂ ಆ ಕಣಗಳೇ ಬೇಕಲ್ಲ. ಎಷ್ಟೋ ಸಲ ಜ್ವರವೊಂದೇ ಸುಳಿವು. 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತೆಂದರೆ ಗುಳಿಗೆ ಕೊಟ್ಟು ಅದನ್ನು ಮರೆಮಾಚಬಾರದು. ಆಸ್ಪತ್ರೆ ಮುಟ್ಟಿದ ಒಂದು ಗಂಟೆಯೊಳಗೆ ಆ್ಯಂಟಿಬಯಾಟಿಕ್ ರಕ್ತಕ್ಕೆ ಸೇರಬೇಕು ಎನ್ನುವುದು ಇದಕ್ಕೇ. ವಿಜ್ಞಾನದ ಮೇಷ್ಟ್ರು ಎಂದು ನಗಬೇಡ. ಇದನ್ನೆಲ್ಲ ನಾನು ಪಾಠ ಮಾಡಿ ಕಲಿತದ್ದಲ್ಲ.

ನಿನ್ನ ದೊಡ್ಡಪ್ಪನಿಗೆ ಲಿಂಫೋಮಾ ಎಂದು ಗೊತ್ತಾದದ್ದು 1996ರ ಮಳೆಗಾಲದಲ್ಲಿ. ನೀನಾಗ ಇನ್ನೂ ಅಂಗನವಾಡಿಗೆ ಹೋಗುತ್ತಿದ್ದೆ. ಕುತ್ತಿಗೆಯಲ್ಲಿ ಒಂದು ಗಂಟು, ನೋವಿಲ್ಲ ನವೆಯಿಲ್ಲ. ಅಡಿಕೆಗೆ ಔಷಧಿ ಹೊಡೆಸುವ ಗಡಿಬಿಡಿಯಲ್ಲಿ ಅದನ್ನು ಯಾರು ಕೇಳುತ್ತಾರೆ? ಆಮೇಲೆ 21 ದಿನಕ್ಕೊಮ್ಮೆ ಸಾಗರದಿಂದ ಬೆಂಗಳೂರಿಗೆ ರಾತ್ರಿ ಬಸ್ಸು. ನಾಲ್ಕು ಔಷಧಿಯಲ್ಲಿ ಒಂದು ಕೆಂಪನೆಯದು, ಡಾಕ್ಸೋರೂಬಿಸಿನ್. ಈಗ ನಿನ್ನ ಹೆಂಡತಿಗೆ ಕೊಡುತ್ತಿರುವುದೂ ಅದನ್ನೇ. (ಇಟಲಿಯ ಒಂದು ಹಳೆಯ ಕೋಟೆಯ ಹತ್ತಿರದ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಯಿಂದ ತೆಗೆದ ಔಷಧಿ ಅದು. ಆಗ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಅವರಿಗೆ ಹೇಳುತ್ತಿದ್ದೆ, ಇಂಥದ್ದೆಂದರೆ ಅವರಿಗೆ ಬಹಳ ಖುಷಿ.)

ಒಂದು ಕಂತು ಮುಗಿಸಿ ಊರಿಗೆ ಬಂದಿದ್ದಾಗ ಚಳಿ ಬಂತು. ಹೊದೆಸಿದ ಕಂಬಳಿಯೂ ಮಂಚವೂ ಒಟ್ಟಿಗೆ ನಡುಗುವಂಥ ಚಳಿ. ಊರಿನ ಒಬ್ಬರ ಅಂಬಾಸಿಡರ್ ಹಿಡಿದು ಹೊರಟೆವು. ಶಿವಮೊಗ್ಗದಲ್ಲಿ ಮೊದಲ ಇಂಜೆಕ್ಷನ್ ಹಾಕಿ, ಇಲ್ಲಿ ಇಟ್ಟುಕೊಳ್ಳುವ ಕೇಸಲ್ಲ ಎಂದು ಕಳಿಸಿದರು. ತರೀಕೆರೆ, ಕಡೂರು, ಅರಸೀಕೆರೆ, ತಿಪಟೂರು. ಹಿಂದಿನ ಸೀಟಿನಲ್ಲಿ ಅವರ ತಲೆ ನನ್ನ ತೊಡೆಯ ಮೇಲೆ. ದಾರಿಯುದ್ದಕ್ಕೂ ನಾನೇ ಹತ್ತಿರ ಇದ್ದೆ, ಆಸ್ಪತ್ರೆಯ ಬಾಗಿಲು ಬರುವ ತನಕ.

ಯಾವ ಆಸ್ಪತ್ರೆ ಎನ್ನುವುದು ಬೇಡ. ಗಂಡಸರ ವಾರ್ಡು, ರಾತ್ರಿ ಒಬ್ಬರೇ ಇರಬೇಕು, ಅದೂ ಗಂಡಸೇ ಇರಬೇಕು ಎಂದರು. ಪಾಸು ನಿನ್ನ ಅಪ್ಪನ ಕೈಗೆ ಹೋಯಿತು. ನಾನು ಕೆಳಗೆ, ಜಮಖಾನ ಹಾಸಿಕೊಂಡು ಮಲಗಿದ ಹೆಂಗಸರ ಸಾಲಿನಲ್ಲಿ. ರಾಯಚೂರಿನ ಕಡೆಯ ಒಬ್ಬಾಕೆ ರೊಟ್ಟಿ ಶೇಂಗಾ ಚಟ್ನಿ ಕೊಡುತ್ತಿದ್ದಳು. ಅವಳ ಗಂಡನೂ ಮೇಲೆಯೇ ಇದ್ದ, ಅವನ ಹತ್ತಿರ ಅವಳ ತಮ್ಮ. ಮೇಲೆ ಏನಾಗುತ್ತಿದೆ ಎನ್ನುವುದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಯಾರದೋ ಸ್ಟ್ರೆಚರ್ ಇಳಿದರೆ ಸಾಲಿನಲ್ಲಿದ್ದವರೆಲ್ಲ ಎದ್ದು ನಿಲ್ಲುತ್ತಿದ್ದೆವು. ಬೆಳಿಗ್ಗೆ ನಿನ್ನ ಅಪ್ಪ ಕಣ್ಣು ಕೆಂಪಗೆ ಮಾಡಿಕೊಂಡು ಇಳಿದು ಬಂದವನೇ, "ಎಲ್ಲ ಆರಾಮ ಅತ್ತಿಗೆ, ನೀ ಕಾಫಿ ಕುಡಿ" ಎನ್ನುತ್ತಿದ್ದ. ರೌಂಡ್ಸ್ ಹೊತ್ತಿಗೆ ನಾನು ಮೇಲೆ ಹೋದರೆ ಡಾಕ್ಟರು ನನ್ನ ತಲೆಯ ಮೇಲಿಂದ ಆಚೆ ನೋಡಿ, ಮನೆಯ ಗಂಡಸರು ಯಾರೂ ಬಂದಿಲ್ಲವಾ ಎಂದು ಕೇಳುವರು. ರಕ್ತಕಣಗಳ ಚಿತ್ರವನ್ನು ಬೋರ್ಡಿನ ಮೇಲೆ ಬರೆದು ಬರೆದು ಕೈ ಸವೆಸಿಕೊಂಡವಳನ್ನು!

ನಿನ್ನ ಅಪ್ಪನ ಸೇವೆಯಲ್ಲಿ ಕೊರತೆ ಹುಡುಕಿದರೆ ನನ್ನ ನಾಲಿಗೆ ಬಿದ್ದುಹೋದೀತು. ಪ್ಲೇಟ್‌ಲೆಟ್ ಬೇಕೆಂದಾಗ ಹೋಟೆಲುಗಳಲ್ಲಿ ಕೆಲಸಕ್ಕಿದ್ದ ನಮ್ಮೂರ ಹುಡುಗರನ್ನು ನಿದ್ದೆಯಿಂದ ಎಬ್ಬಿಸಿ ಕರೆತಂದವನು ಅವನು. ಅಣ್ಣನ ಬಾಯಿ ಹುಣ್ಣಾಗಿದ್ದಾಗ ಗಂಜಿಯ ತಿಳಿಯನ್ನು ಚಮಚದಲ್ಲಿ ಕುಡಿಸಿದವನೂ ಅವನೇ. ನಿನ್ನ ದೊಡ್ಡಪ್ಪ ಆ ಸಲ ಗುಣವಾಗಿ ಬಂದರು, ಅಡಿಕೆ ಸುಗ್ಗಿಯನ್ನೂ ನೋಡಿದರು. ಕಾಯಿಲೆ ಮರಳಿ ಬಂದದ್ದು ಆಮೇಲೆ. 1998ರಲ್ಲಿ ಮನೆಯಲ್ಲೇ ಹೋದರು.

ನನಗೆ ಉಳಿದದ್ದು ಬೇರೆ ಲೆಕ್ಕ. ಆ ರಾತ್ರಿಗಳಲ್ಲಿ ಅವರಿಗೆ ನಿದ್ದೆ ಬರುತ್ತಿರಲಿಲ್ಲ, ಮಾತಾಡುತ್ತಿದ್ದರು. ಹಗಲು ಬಾಯಿ ಬಿಡದ ಮನುಷ್ಯ. ಆ ಮಾತೆಲ್ಲ ನಿನ್ನ ಅಪ್ಪನ ಹತ್ತಿರ ಇದೆ, ನನ್ನ ಹತ್ತಿರ ಇಲ್ಲ. ಅವನು ಅದನ್ನು ಒಟ್ಟಿಗೆ ಕೊಡುವವನೂ ಅಲ್ಲ. ಅಡಿಕೆ ಸುಲಿಯುತ್ತ ಕೂತಾಗ ಇದ್ದಕ್ಕಿದ್ದಂತೆ, "ನಡುಕ ಬಂದಾಗ ಅಣ್ಣ ನಿನ್ನ ಹಳೇ ಸೀರೆ ಹೊದೆಸು ಅಂದಿದ್ದ ಅತ್ತಿಗೆ, ನಾ ಎಲ್ಲಿಂದ ತರಲಿ?" ಎಂದು ಹೇಳಿ ಕತ್ತಿಗೆ ಬಗ್ಗಿಬಿಡುತ್ತಾನೆ. ಸೀರೆ ನನ್ನ ಚೀಲದಲ್ಲೇ ಇತ್ತು ಮಾರಾಯಾ, ಎರಡು ಮಹಡಿ ಕೆಳಗೆ. ಇನ್ನೆರಡು ವರ್ಷ ಕಳೆದ ಮೇಲೆ ಮತ್ತೊಂದು: ತನಗೇನಾದರೂ ಆದರೆ ನಾನು ಸಾಗರದಲ್ಲೇ ಮನೆ ಮಾಡಿ ಕೆಲಸ ಮುಂದುವರಿಸಬೇಕು, ತೋಟ ನೋಡಿಕೊಳ್ಳಲು ಬಾ ಎಂದು ಯಾರೂ ಒತ್ತಾಯ ಮಾಡಬಾರದು ಎಂದಿದ್ದರಂತೆ. ಅದನ್ನು ನನಗೇ ಹೇಳಿದ್ದರೆ ನಾನು ಎರಡು ಮಾತು ತಿರುಗಿ ಕೇಳುತ್ತಿದ್ದೆ. ಜಗಳವನ್ನೂ ಆಡುತ್ತಿದ್ದೆ. ಗಂಡ ಹೆಂಡತಿ ಆಡಬೇಕಾದ ಜಗಳವನ್ನು ಮೈದುನನ ಬಾಯಿಂದ ವರದಿಯಾಗಿ ಕೇಳುವ ಸಂಕಟ ನಿನಗೆ ತಿಳಿಯದು. ತಿಳಿಯುವುದೂ ಬೇಡ.

ಈಗ ನಿನ್ನ ವಿಷಯ. ನಿರ್ಧಾರ ನಿನ್ನದೇ, ನಾನು ಎರಡೂ ಕಡೆಯದನ್ನು ಹೇಳುತ್ತೇನೆ ಅಷ್ಟೆ. ನಿನ್ನ ಅತ್ತೆ ಬಂದರೆ ಮಗಳ ಮೈ ಒರೆಸುವುದು, ಶೌಚಕ್ಕೆ ಕರೆದೊಯ್ಯುವುದು ಇದರಲ್ಲೆಲ್ಲ ನಿನಗಿಂತ ಪಳಗಿದ ಕೈ. ಅಮ್ಮನ ಹತ್ತಿರ ಅಳುವಷ್ಟು ಸಲೀಸಾಗಿ ಮಗಳು ಗಂಡನ ಹತ್ತಿರ ಅಳಲಾರಳು, ಅದೂ ನಿಜ. ಆದರೆ ಆಕೆಗೆ ಸಕ್ಕರೆ ಕಾಯಿಲೆ, ಮಂಡಿ ನೋವು. ರಾತ್ರಿಯಿಡೀ ಕೂತರೆ ಮೂರನೇ ದಿನ ನಿನಗೆ ಇಬ್ಬರು ರೋಗಿಗಳು. ಸಾಲದ್ದಕ್ಕೆ ಅಮ್ಮ ಅತ್ತರೆ ಸಮಾಧಾನ ಮಾಡುವ ಕೆಲಸವೂ ಹಾಸಿಗೆಯಲ್ಲಿರುವ ಕೂಸಿನ ಪಾಲಿಗೆ. ಆಕೆಯನ್ನು ಹಗಲು ಹೊತ್ತಿಗೆ ಕರೆಸು. ನೀನು ಮನೆಗೆ ಹೋಗಿ ಮಲಗು, ಕಡ್ಡಾಯವಾಗಿ ಮಲಗು. ರಾತ್ರಿ ನೀನಿರು.

ಕೆಲಸ ಬಿಡು ಎನ್ನುತ್ತಿಲ್ಲ. ವಿಮೆ ಆ ಕಂಪನಿಯದು, ಸಂಬಳ ನಿಂತರೆ ಚಿಕಿತ್ಸೆಯೂ ತತ್ತರಿಸುತ್ತದೆ, ಅಷ್ಟು ತಿಳಿಯದವಳಲ್ಲ ನಾನು. ಆದರೆ ಗಳಿಸಿದ ರಜೆಯನ್ನು ಯಾವ ಹಬ್ಬಕ್ಕೆಂದು ಕೂಡಿಡುತ್ತೀಯ? ಇದಕ್ಕಿಂತ ದೊಡ್ಡ ಕಾರಣ ಬರಲಿ ಎಂದು ಕಾಯುತ್ತಿದ್ದೀಯಾ?

ನೇರವಾಗಿ ಕೇಳುತ್ತೇನೆ, ಬೇಸರಪಡಬೇಡ. ನನಗೆ ಸಿಗದ ಕುರ್ಚಿ ನಿನಗೆ ಸಿಕ್ಕಿದೆ. ಬೇರೆ ರೂಮು, ಹತ್ತಿರ ಇರಬೇಡ ಎನ್ನುವವರು ಯಾರೂ ಇಲ್ಲ. ನೀನು ಮಾತ್ರ ಬಿಲ್ಲಿಂಗ್ ಕೌಂಟರು, ಫಾರ್ಮಸಿ, ವಿಮೆಯ ಟಿಪಿಎ ಕಚೇರಿ, ದಾನಿಗಳ ಪಟ್ಟಿ ಎಂದು ದಿನಕ್ಕೆ ನೂರು ಸಲ ಲಿಫ್ಟ್ ಹತ್ತಿ ಇಳಿಯುತ್ತೀಯೆ. ಓಡಾಟ ಕೆಲಸವಲ್ಲ ಎನ್ನುವುದಿಲ್ಲ. ಆದರೆ ಓಡುತ್ತಿರುವವನಿಗೆ ಹೆಂಡತಿಯ ಮುಖ ನೋಡುವ ಪ್ರಸಂಗ ಬರುವುದಿಲ್ಲ. ಗಂಡಸರು ಅದಕ್ಕೇ ಓಡುತ್ತಾರೆ ಎಂದು ನನಗೆ ಬಹಳ ವರ್ಷದ ಅನುಮಾನ. ಇನ್ನೊಂದು: ಅವಳ ರಕ್ತದ ಲೆಕ್ಕ ಬಳಗದವರಿಗೆಲ್ಲ ಗೊತ್ತು, ಅವಳಿಗೇ ಗೊತ್ತಿಲ್ಲ. ಹೆದರುತ್ತಾಳೆ ಎಂದೆಯಂತೆ. ಮೂರು ಹೊತ್ತೂ ರಕ್ತ ಕೊಡುತ್ತಿರುವವಳು ಅವಳು. ನಿನ್ನ ಬಾಯಿ ಮುಚ್ಚಿದ್ದರೆ ಅವಳು ಊಹಿಸಿಕೊಳ್ಳುವುದು ನಿಜಕ್ಕಿಂತ ಕೆಟ್ಟದ್ದೇ ಆಗಿರುತ್ತದೆ. ಗುಂಪಿಗೆ ಕಳಿಸುವ ಮೊದಲು ಅವಳಿಗೆ ತೋರಿಸು. ಗುಂಪಿಗೆ ಕಳಿಸಬೇಡ ಎಂದು ಅವಳು ಹೇಳಿದರೆ ಕಳಿಸಬೇಡ. ನಾವೆಲ್ಲ ಬಾಯಿ ಮುಚ್ಚಿಕೊಂಡು ಕಾಯುತ್ತೇವೆ.

ದಾನಿಗಳ ಕೆಲಸವನ್ನು ಆಫೀಸಿನ ಹುಡುಗರಿಗೆ ಒಪ್ಪಿಸು. ಪ್ಲೇಟ್‌ಲೆಟ್ಟನ್ನು 20ರಿಂದ 24 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಲುಗಾಡಿಸುತ್ತಲೇ ಇಡಬೇಕು, ಹಾಗಿಟ್ಟರೂ ಸಾಮಾನ್ಯವಾಗಿ ಐದೇ ದಿನ. ಅದಕ್ಕೇ ಹೊತ್ತಲ್ಲದ ಹೊತ್ತಿನಲ್ಲಿ ದಾನಿ ಬೇಕು ಎನ್ನುತ್ತಾರೆ. ಮಷೀನಿನ ಮೇಲೆ ಕೊಡುವವರು ಒಂದೂವರೆ ಗಂಟೆ ಬಿಡುವು ಮಾಡಿಕೊಂಡು ಬರಲಿ, ಹಿಂದಿನ ಮೂರು ದಿನ ಆಸ್ಪಿರಿನ್ ನುಂಗಿರಬಾರದು. ಇಷ್ಟು ಹೇಳಿಬಿಟ್ಟರೆ ಉಳಿದದ್ದನ್ನು ಅವರೇ ನೋಡಿಕೊಳ್ಳುತ್ತಾರೆ.

ನೀನು ಕೂತು ನೋಡಬೇಕಾದದ್ದು ಬೇರೆ. ಪ್ಲೇಟ್‌ಲೆಟ್ ಏರುವಾಗ ಚಳಿ ಬಂತೋ, ಮೈಮೇಲೆ ದದ್ದೆದ್ದಿತೋ, ಉಸಿರು ಮೇಲಾಯಿತೋ, ಮೂತ್ರ ಕಡಿಮೆಯಾಯಿತೋ, ಮಾತು ತೊದಲಿತೋ. ಇದರಲ್ಲಿ ಯಾವುದು ಕಂಡರೂ ಬೆಲ್ ಒತ್ತು. ಸಿಸ್ಟರ್ ಬಾರದಿದ್ದರೆ ಎದ್ದುಹೋಗಿ ಕರೆದುಕೊಂಡು ಬಾ, ಸಂಕೋಚ ಬೇಡ. ಒಳಗೆ ಬರುವವರು ಯಾರೇ ಇರಲಿ ಮೊದಲು ಕೈ ತೊಳೆಯಲಿ, ಡಾಕ್ಟರೂ ಸೇರಿ. ಹೂವು ಬೇಡ, ತೀರ್ಥ ಪ್ರಸಾದ ಬೇಡ, ಹಸಿ ಎಲೆಯ ತಂಬುಳಿಯನ್ನು ಮನೆಗೆ ಬಂದ ಮೇಲೂ ಡಾಕ್ಟರನ್ನು ಕೇಳಿಯೇ ಕೊಡು. ಆನಂದಪುರದ ಹತ್ತಿರದ ನರಸೀಪುರದಿಂದ ನಾಟಿ ಔಷಧಿಯ ತೊಗಟೆ ತರುತ್ತೇನೆ ಎಂದು ನಿನ್ನ ಸೋದರಮಾವ ಹೊರಟಿದ್ದಾನೆ. ಅವನ ಪ್ರೀತಿ ದೊಡ್ಡದು. ತಂದರೆ ತೆಗೆದಿಡು, ಆದರೆ ಡಾಕ್ಟರಿಗೆ ಹೇಳದೆ ಒಂದು ಹನಿ ಕಷಾಯವೂ ಅವಳ ಬಾಯಿಗೆ ಹೋಗಬಾರದು. ಕೌಂಟ್ ಬಿದ್ದಿರುವ ಹೊತ್ತು ಪ್ರಯೋಗದ ಹೊತ್ತಲ್ಲ.

ಉಳಿದ ಹೊತ್ತು ಸುಮ್ಮನೆ ಕೂರು. ಏನು ಮಾತಾಡಲಿ ಎಂದು ನೀನು ಕೇಳುವವನೇ. ಏನೂ ಬೇಡ, ಮಾತಾಡಬೇಕು ಅನ್ನಿಸಿದಾಗ ಅವಳೇ ಆಡುತ್ತಾಳೆ. ಪಕ್ಕದ ಮನೆಯ ನಾಯಿಯ ವಿಷಯವಾಗಿರಬಹುದು, ಸಾವಿನದೂ ಆಗಿರಬಹುದು. ಎರಡನೆಯದು ಬಂದಾಗ "ಛೆ, ಹಾಗೆಲ್ಲ ಅನ್ನಬೇಡ" ಎಂದು ಬಾಯಿ ಮುಚ್ಚಿಸಬೇಡ.

ಬೈದೆ ಎಂದುಕೊಳ್ಳಬೇಡ ಅಪ್ಪಿ. ನಿನಗೂ ಕೈಕಾಲು ನಡುಗುತ್ತಿದೆ ಎಂದು ಆ ಒಂದು ಸಾಲಿನ ಮೆಸೇಜಿನಲ್ಲೇ ಕಂಡಿತು. ಅಷ್ಟು ಚಿಕ್ಕದಾಗಿ ಬರೆಯುವ ಹುಡುಗ ನೀನಲ್ಲ. ಎದೆ ತಡೆಯದಾದಾಗ ನನಗೆ ಫೋನ್ ಮಾಡು, ಯಾವ ಹೊತ್ತಾದರೂ ಎತ್ತುತ್ತೇನೆ. ಮನೆಯವರ ಹತ್ತಿರ ಆಡಲಾಗದ್ದಿದ್ದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ ಇದೆ, 14416, ಕನ್ನಡದಲ್ಲೇ ಮಾತಾಡುತ್ತಾರೆ. ಗಂಡಸು ಅಲ್ಲಿಗೆ ಫೋನ್ ಮಾಡಿದರೆ ಮೀಸೆ ಉದುರುವುದಿಲ್ಲ.

ನಾನೇ ಬಸ್ಸು ಹತ್ತುತ್ತಿದ್ದೆ, ಆದರೆ ಕೆಮ್ಮು ಹಿಡಿದಿದೆ. ಕೆಮ್ಮಿಕೊಂಡು ಅವಳ ಕೋಣೆಗೆ ಬರುವುದು ತರವಲ್ಲ, ಪೂರ್ತಿ ಹೋದ ಮೇಲೆ ಬರುತ್ತೇನೆ. ನಿನ್ನ ಅಪ್ಪನನ್ನು ನಾಳೆ ರಾತ್ರಿ ಬಸ್ಸಿಗೆ ಹತ್ತಿಸುತ್ತಿದ್ದೇನೆ. ವಿಮೆಯ ಫೈಲು, ಬಿಲ್ಲು, ಔಷಧಿ ಚೀಟಿ ಎಲ್ಲ ಅವನ ಕೈಗೆ ಕೊಡು, ಸಾಲಿನಲ್ಲಿ ನಿಂತು ಅವನಿಗೆ ರೂಢಿಯಿದೆ. ರಾತ್ರಿ ನಾನು ಕೂರುತ್ತೇನೆ, ನೀನು ಮಲಗು ಎಂದು ಅವನು ಖಂಡಿತ ಹೇಳುತ್ತಾನೆ. ಅತ್ತಿಗೆ ಬೇಡವೆಂದಿದ್ದಾಳೆ ಎನ್ನು.

ಇತಿ,
ನಿನ್ನ ದೊಡ್ಡಮ್ಮ