ಅಲ್ಪ ವೆಚ್ಚದಲ್ಲಿ ಉಗುರಿನ ಮಿನುಗು

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿನಿ)

ಉಗುರಿನ ಅಂದವನ್ನು ಕುರಿತು ಲೇಖನ ಬರೆಯಲು ಹೊರಟಿರುವುದನ್ನು ಕಂಡು ಕೆಲವರು ನಗಬಹುದು. ಇತಿಹಾಸ, ಸಾಹಿತ್ಯ, ರಾಜ್ಯಶಾಸ್ತ್ರಗಳ ಪ್ರಬಂಧಗಳ ನಡುವೆ ಉಗುರಿಗೇನು ಸ್ಥಾನವೆಂದು ಕೇಳಲೂಬಹುದು. ಆದರೆ ಮಿತವಾದ ಸಾಧನಗಳಿಂದ ಅನೇಕ ಬಯಕೆಗಳನ್ನು ತೀರಿಸಿಕೊಳ್ಳುವ ಬಗೆ ಹೇಗೆಂಬುದೇ ಅರ್ಥಶಾಸ್ತ್ರದ ಮೊದಲ ಪಾಠವಲ್ಲವೆ? ಆ ಪಾಠವನ್ನು ನಾನು ಒಡೆದುಹೋದ ಬಣ್ಣದ ಪೆಟ್ಟಿಗೆಯೊಂದರಿಂದ ಕಲಿತೆನಾದುದರಿಂದ, ಅದನ್ನು ಸಹಪಾಠಿಗಳ ಮುಂದಿಡುವ ಧೈರ್ಯ ಮಾಡಿದ್ದೇನೆ.

ಕಳೆದ ವರ್ಷದ ವಾರ್ಷಿಕೋತ್ಸವದಲ್ಲಿ ನಾವು ಆಡಿದ ನಾಟಕಕ್ಕೆಂದು, ಕಣ್ಣಿನ ರೆಪ್ಪೆಗೆ ಹಚ್ಚುವ ಐ ಶ್ಯಾಡೋ ಪೆಟ್ಟಿಗೆಯೊಂದನ್ನು ತರಲಾಗಿತ್ತು. ನಾಟಕ ಮುಗಿಯುವಷ್ಟರಲ್ಲಿ ಅದು ಕೆಳಗೆ ಬಿದ್ದು ಒಳಗಿನ ಬಿಲ್ಲೆಗಳೆಲ್ಲ ಪುಡಿಪುಡಿಯಾದವು. ಕಸದ ಬುಟ್ಟಿಗೆ ಹೋಗಲಿದ್ದ ಅದನ್ನು ನಾನು ಕೇಳಿ ಪಡೆದೆ. ಹೊಳೆಯುವ ಉಗುರುಬಣ್ಣವನ್ನು ಅಂಗಡಿಯ ಗಾಜಿನಾಚೆಯಿಂದ ನೋಡಿ ಬಂದವಳಿಗೆ, ಆ ಪುಡಿಯ ಹೊಳಪೂ ಅದೇ ಜಾತಿಯದೆಂದು ತೋರಿತು. ನನ್ನ ಊಹೆ ಸರಿಯಾಗಿತ್ತೆಂದು ಓದಿದ ಮೇಲೆ ತಿಳಿಯಿತು.

ಉಗುರಿಗೆ ಬಣ್ಣ ಕಟ್ಟುವುದು ನಮ್ಮವರಿಗೆ ಹೊಸದಲ್ಲ. ಮದರಂಗಿಯ ಸೊಪ್ಪನ್ನು ಅರೆದು ಬೆರಳ ತುದಿಗೆ ಮೆತ್ತಿಕೊಳ್ಳದ ಹುಡುಗಿ ಹಳ್ಳಿಯಲ್ಲಿ ಅಪರೂಪ. ಆ ಎಲೆಯಲ್ಲಿರುವ ಲಾಸೋನ್ ಎಂಬ ವಸ್ತುವು ಉಗುರಿನ ಕೆರಟಿನ್ನಿನೊಡನೆ ಸೇರಿ ಕೆಂಪಾಗುತ್ತದೆ, ತೊಳೆದರೆ ಹೋಗುವುದಿಲ್ಲ. ಅಂಗಡಿಯ ಉಗುರುಬಣ್ಣದ ಕ್ರಮವೇ ಬೇರೆ. ಅದು ಉಗುರಿನೊಳಕ್ಕೆ ಇಳಿಯದೆ ಮೇಲೆ ಪೊರೆಯಾಗಿ ಕೂರುತ್ತದೆ. ಹತ್ತಿಯಂಥ ನಾರಿನಿಂದ ಮಾಡುವ ನೈಟ್ರೋಸೆಲ್ಯುಲೋಸನ್ನು ಈಥೈಲ್ ಅಸಿಟೇಟ್, ಬ್ಯೂಟೈಲ್ ಅಸಿಟೇಟ್ ಎಂಬ ದ್ರವಗಳಲ್ಲಿ ಕರಗಿಸಿ, ಅದಕ್ಕೆ ಬಣ್ಣ ಬೆರೆಸುತ್ತಾರೆ. ದ್ರವ ಆರಿಹೋದಾಗ ಪೊರೆ ಉಳಿಯುತ್ತದೆ. 1920ರ ದಶಕದಲ್ಲಿ ಮೋಟಾರು ಗಾಡಿಗಳಿಗೆ ಬಳಿಯುತ್ತಿದ್ದ ಬೇಗ ಆರುವ ಬಣ್ಣವೂ ಇದೇ ವಂಶದ್ದು. ಅಮೆರಿಕದ ರೆವ್ಲಾನ್ ಕಂಪನಿಯು 1932ರಲ್ಲಿ ಹುಟ್ಟಿದ್ದು ಉಗುರುಬಣ್ಣದ ವ್ಯಾಪಾರದಿಂದಲೇ. ನಮ್ಮ ದೇಶದಲ್ಲಿ ಟಾಟಾ ಸಂಸ್ಥೆಯವರು 1952ರಲ್ಲಿ ಲ್ಯಾಕ್ಮೆಯನ್ನು ಸ್ಥಾಪಿಸಿದರು.

ಇನ್ನು ಮಿನುಗಿನ ವಿಚಾರ. ಹಿಂದೆ ಮೀನಿನ ಹುರುಪೆಯಿಂದ ಮುತ್ತಿನ ಹೊಳಪಿನ ಸಾರವನ್ನು ತೆಗೆಯುತ್ತಿದ್ದರು. 1960ರ ದಶಕದಿಂದೀಚೆಗೆ ಅಭ್ರಕದ, ಎಂದರೆ ನಮ್ಮ ಕಾಗೆಬಂಗಾರದ, ಸಣ್ಣ ಹಾಳೆಗಳ ಮೇಲೆ ಟೈಟಾನಿಯಂ ಡೈಆಕ್ಸೈಡಿನ ಅತಿ ತೆಳುವಾದ ಲೇಪ ಕೊಡುವ ಕ್ರಮ ಬಳಕೆಗೆ ಬಂದಿತು. ಲೇಪದ ಮೇಲ್ಮೈಯಿಂದಲೂ ತಳದಿಂದಲೂ ಹಿಂದಿರುಗಿದ ಬೆಳಕು ಒಂದುಗೂಡಿದಾಗ ಕೆಲವು ಬಣ್ಣಗಳು ಎದ್ದು ಕಾಣುತ್ತವೆ. ಮಳೆ ಬಿದ್ದ ರಸ್ತೆಯಲ್ಲಿ ಚೆಲ್ಲಿದ ಎಣ್ಣೆಯ ಮೇಲೆ ಕಾಮನಬಿಲ್ಲು ಕಾಣುವುದೂ ಇದೇ ಕಾರಣದಿಂದ. ಕಣ್ಣಿನ ಪುಡಿಯಲ್ಲಿಯೂ ಉಗುರಿನ ಬಣ್ಣದಲ್ಲಿಯೂ ಮಿನುಗುವುದು ಹೆಚ್ಚಾಗಿ ಈ ಹಾಳೆಗಳೇ. ಆದುದರಿಂದ, ಬಿಲ್ಲೆ ಒಡೆದರೂ ಅದರ ಹೊಳಪು ಒಡೆಯುವುದಿಲ್ಲ.

ಮಾಡುವ ವಿಧಾನವನ್ನು ಈಗ ಹೇಳುತ್ತೇನೆ. ಬೇಕಾದುದು ಬಣ್ಣವಿಲ್ಲದ ಉಗುರುಬಣ್ಣದ ಒಂದು ಬಾಟಲಿ ಮಾತ್ರ. ನನ್ನದಕ್ಕೆ ಅರವತ್ತು ರೂಪಾಯಿ ಬಿದ್ದಿತು. ಮೊದಲು ಹಳೆಯ ಬಣ್ಣವನ್ನು ತೆಗೆದು, ಉಗುರನ್ನು ಕತ್ತರಿಸಿ, ಅರದಿಂದ ಒಂದೇ ದಿಕ್ಕಿಗೆ ಉಜ್ಜಿ, ಕೈ ತೊಳೆದು ಚೆನ್ನಾಗಿ ಒರಸಬೇಕು. ಎಣ್ಣೆಯ ಪಸೆಯಿದ್ದರೆ ಪೊರೆ ಹಿಡಿಯುವುದಿಲ್ಲ. ಬಣ್ಣವಿಲ್ಲದ ಪಾಲಿಶನ್ನು ಒಂದು ಸಲ ತೆಳುವಾಗಿ ಬಳಿದು ಆರಲು ಬಿಡಬೇಕು.

ಪುಡಿಯನ್ನು ಚಮಚದ ಹಿಂಬದಿಯಿಂದ ಹಿಟ್ಟಿನಂತೆ ನುಣ್ಣಗೆ ಅರೆಯಿರಿ. ದಪ್ಪ ಹಾಳೆಯ ಅಥವಾ ತಗಡಿನ ತುಂಡಿನ ಮೇಲೆ ನಾಲ್ಕೈದು ಹನಿ ಪಾಲಿಶ್ ಹಾಕಿ, ಒಂದು ಚಿಟಿಕೆ ಪುಡಿ ಸೇರಿಸಿ, ಬೆಂಕಿಕಡ್ಡಿಯ ಹಿಂತುದಿಯಿಂದ ಕಲಸಿ, ಕೂಡಲೇ ಹಚ್ಚಿರಿ. ಆಸೆಪಟ್ಟು ಪುಡಿ ಹೆಚ್ಚಿಸಬಾರದು. ಬಿಲ್ಲೆಯಲ್ಲಿ ಟಾಲ್ಕ್ ಮತ್ತು ಎಣ್ಣೆಯ ಅಂಶಗಳೂ ಇರುವುದರಿಂದ, ಪುಡಿ ಹೆಚ್ಚಾದರೆ ಬಣ್ಣ ಗಂಟುಕಟ್ಟಿ ಮಂಕಾಗುತ್ತದೆ. ಹೊಳಪಿಲ್ಲದ ಬಿಲ್ಲೆಯಿಂದ ಬಣ್ಣ ಬಂದೀತೇ ಹೊರತು ಮಿನುಗು ಬಾರದು. ಇನ್ನೊಂದು ವಿಧಾನವೂ ಉಂಟು: ಪಾಲಿಶ್ ಇನ್ನೂ ಅಂಟಂಟಾಗಿರುವಾಗಲೇ ಒಣಪುಡಿಯನ್ನು ಸ್ಪಂಜಿನ ಚೂರಿನಿಂದ ಮೆಲ್ಲಗೆ ಒತ್ತುವುದು. ಇದರಲ್ಲಿ ಹೊಳಪು ಹೆಚ್ಚು. ಯಾವ ವಿಧಾನವಾದರೂ ಕೊನೆಗೆ ಬಣ್ಣವಿಲ್ಲದ ಪಾಲಿಶಿನ ಇನ್ನೊಂದು ಹೊದಿಕೆ ಬೇಕೇ ಬೇಕು. ಆ ಹೊದಿಕೆಯನ್ನು ಉಗುರಿನ ತುದಿಯ ಅಂಚಿಗೂ ಎಳೆಯಬೇಕು. ಪೊರೆ ಏಳುವುದು ಅಲ್ಲಿಂದಲೇ. ಚರ್ಮಕ್ಕೆ ತಾಗದಂತೆ ಕೂದಲೆಳೆಯಷ್ಟು ಜಾಗ ಬಿಡುವುದು ಒಳ್ಳೆಯದು.

ಎಚ್ಚರಿಕೆಗಳನ್ನೂ ಹೇಳದಿದ್ದರೆ ಪಾಠ ಪೂರ್ತಿಯಾಗದು. ಈ ದ್ರವಗಳಿಗೆ ಬೆಂಕಿ ಬೇಗ ಹೊತ್ತಿಕೊಳ್ಳುತ್ತದೆ. ಒಲೆ, ದೀಪ, ಊದುಬತ್ತಿಗಳಿಂದ ದೂರ, ಕಿಟಕಿ ತೆರೆದ ಕೋಣೆಯಲ್ಲಿ ಕುಳಿತು ಹಚ್ಚಬೇಕು. ಗಟ್ಟಿಯಾದ ಪಾಲಿಶಿಗೆ ಬಣ್ಣ ತೆಗೆಯುವ ಅಸಿಟೋನ್ ಸುರಿದರೆ ಪೊರೆ ದುರ್ಬಲವಾಗುತ್ತದೆ. ಅದಕ್ಕೆಂದೇ ಬೇರೆ ತಿನ್ನರ್ ಸಿಗುತ್ತದೆ. ಉಗುರಿಗೆಂದು ಪಾಲಿಶಿನಲ್ಲಿ ಕಲಸಿದ ಪುಡಿಯನ್ನು ಮತ್ತೆ ಕಣ್ಣಿಗೆ ಹಚ್ಚಲೇಬಾರದು. ಬೂಸಲು ಬಂದ, ವಾಸನೆ ಕೆಟ್ಟ ಪುಡಿಯನ್ನು ಉಗುರಿಗೂ ಬಳಸಬಾರದು. ಉಗುರು ಹಳದಿಯಾಗಿ ದಪ್ಪಗಾಗಿದ್ದರೆ ಬಣ್ಣದಿಂದ ಮುಚ್ಚದೆ ವೈದ್ಯರಿಗೆ ತೋರಿಸಬೇಕು. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಮಾತ್ರ ಬೆಳೆಯುವುದರಿಂದ, ಕೆಟ್ಟ ಉಗುರು ಪೂರ್ತಿ ಹೊಸದಾಗಲು ಆರು ತಿಂಗಳು ಹಿಡಿಯುತ್ತದೆ.

ಇಷ್ಟನ್ನು ಕಲಿತು ನಾನು ದೀಪಾವಳಿಯ ರಜೆಗೆ ಊರಿಗೆ ಹೋದೆ. ನಮ್ಮದು ಮಲೆನಾಡು, ಅದು ಅಡಕೆ ಸುಗ್ಗಿಯ ಕಾಲ. ಅವ್ವ ಬೇರೆಯವರ ಮನೆಯ ಅಂಗಳದಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತು ರಾತ್ರಿಯವರೆಗೆ ಹಸಿ ಅಡಕೆ ಸುಲಿಯುತ್ತಾಳೆ. ಅದರ ಕರೆ ಬೆರಳುಗಳಿಗೂ ಉಗುರುಗಳಿಗೂ ಹಿಡಿದು ಕಪ್ಪಾಗಿರುತ್ತದೆ. ನನ್ನನ್ನು ಕಾಲೇಜಿಗೆ ಸೇರಿಸಿದ ದಿನ ಅರ್ಜಿಗೆ ಸಹಿ ಹಾಕುವಾಗ ಅವಳು ಇನ್ನೊಂದು ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದುದು ನನಗೆ ನೆನಪಿದೆ. ಆ ಉಗುರುಗಳಿಗೆ ತಾಮ್ರದ ಬಣ್ಣದ ಮಿನುಗು ಹಚ್ಚಿದರೆ ಕರೆ ಕಾಣದೆಂದು ನಾನು ಲೆಕ್ಕ ಹಾಕಿದ್ದೆ.

"ನಾಳೆ ಸುಲಿಯಕ್ಕೆ ಕೂತ್ರೆ ಇದು ಉಳೀತದೇನೆ? ನಿಂಗೇ ಹಚ್ಕೋ" ಎಂದಳು ಅವ್ವ. ಬಿಡದೆ ಒಂದು ಕೈಗೆ ಹಚ್ಚಿದೆ. ದೀಪದ ಕಡೆಗೆ ಬೆರಳು ಹಿಡಿದು, ಹೊರಳಿಸಿ ಹೊರಳಿಸಿ ನೋಡಿದಳು. "ಚೆಂದ ಐತೆ. ಆದ್ರೆ ಕರೆ ಮುಚ್ಚಕ್ಕೇ ಹಚ್ಚಿದ್ಯಾ?" ಎಂದು ಕೇಳಿದಳು. ನಾನು ಉತ್ತರ ಕೊಡಲಿಲ್ಲ. ಅವಳು ಹೇಳಿದಂತೆಯೇ ಎರಡು ದಿನಗಳಲ್ಲಿ ಪೊರೆ ಎದ್ದುಹೋಯಿತು. ಕರೆ ಮಾತ್ರ ಹಾಗೆಯೇ ಇತ್ತು. ಆ ಕರೆಯ ಕೂಲಿಯಲ್ಲಿಯೇ ನಾನು ಮೂರು ವರ್ಷ ಓದಿದ್ದೇನೆ. ಅವಳ ಸಂತೋಷಕ್ಕೆಂದು ಹಚ್ಚಿದೆನೋ, ನನ್ನ ನಾಚಿಕೆಗೆಂದು ಹಚ್ಚಿದೆನೋ ಎಂದು ಆಮೇಲೆ ಬಹಳ ಯೋಚಿಸಿದೆ. ಸುಗ್ಗಿ ಮುಗಿದ ಮೇಲೆ, ನೆಂಟರ ಮದುವೆಗೆ ಹೊರಟ ದಿನ, "ತಾರೇ ನಿನ್ ಡಬ್ಬಿ" ಎಂದು ಅವಳೇ ಕರೆದು ಎರಡೂ ಕೈ ಚಾಚಿದಾಗ, ನನ್ನ ಮನಸ್ಸು ಹಗುರವಾಯಿತು.

ಕಾಗೆಬಂಗಾರದ ಕಥೆಯೂ ಹೀಗೆಯೇ ದುಡಿಯುವ ಕೈಗಳ ಕಥೆ. ಝಾರ್ಖಂಡದ ಕೊಡರ್ಮಾ, ಗಿರಿಡೀಹ್ ಜಿಲ್ಲೆಗಳಲ್ಲಿ, ಮುಚ್ಚಿದ ಗಣಿಗಳ ಸುತ್ತ ಬಡ ಹೆಂಗಸರೂ ಮಕ್ಕಳೂ ಅಭ್ರಕದ ಚೂರು ಆಯ್ದು ಮಾರುತ್ತಿರುವ ಸಂಗತಿಯನ್ನು ಪತ್ರಿಕೆಗಳು ಅನೇಕ ಬಾರಿ ಬಯಲಿಗೆಳೆದಿವೆ. ಮಣ್ಣು ಕುಸಿದು ಜೀವ ಕಳೆದುಕೊಂಡವರೂ ಅವರಲ್ಲಿದ್ದಾರೆ. ಕೆಲವು ಕಂಪನಿಗಳು ಈಗ ಕೃತಕ ಅಭ್ರಕವನ್ನು ಬಳಸುತ್ತಿವೆ. ನಮ್ಮ ಒಡೆದ ಬಿಲ್ಲೆಯ ಹೊಳಪು ಯಾವ ಕೈಯಿಂದ ಬಂದುದೋ ಹೇಳಲಾಗದು. ಆದರೆ ಅದನ್ನು ಕಸಕ್ಕೆ ಸುರಿಯುವ ಮುನ್ನ ಆ ಕೈಯನ್ನು ಒಮ್ಮೆ ನೆನೆಯಬಹುದು.

ಮ್ಯಾನಿಕ್ಯೂರ್ ಎಂಬ ಮಾತು ಲ್ಯಾಟಿನ್ ಭಾಷೆಯ ಕೈ ಮತ್ತು ಆರೈಕೆ ಎಂಬ ಎರಡು ಶಬ್ದಗಳಿಂದ ಹುಟ್ಟಿದೆ. ಸಹಪಾಠಿಗಳೆ, ಕೈಯನ್ನು ಆರೈಕೆ ಮಾಡುವ ಹಕ್ಕು ಹಣವುಳ್ಳವರಿಗೆ ಮಾತ್ರ ಮೀಸಲಾದುದಲ್ಲ. ಹಾಸ್ಟೆಲಿನ ಪೆಟ್ಟಿಗೆಗಳಲ್ಲಿ ಒಡೆದು ಬಿದ್ದಿರುವ ಬಿಲ್ಲೆಗಳಿದ್ದರೆ ಹೊರತೆಗೆಯಿರಿ. ರಜೆಗೆ ಊರಿಗೆ ಹೋಗುವಾಗ ಆ ಪುಟ್ಟ ಬಾಟಲಿಯನ್ನೂ ಜೊತೆಗೆ ಒಯ್ಯಿರಿ. ಹಚ್ಚುವ ಮೊದಲು, ಬೇಕೇ ಎಂದು ಮನೆಯವರನ್ನು ಕೇಳುವುದನ್ನು ಮಾತ್ರ ಮರೆಯಬೇಡಿ.